ಆಕೆ ಬಾಯಿಬಿಟ್ಟಿದ್ದರೆ ನಲವತ್ತೇ ಪುಟ

ಈಗ ಕಾದಂಬರಿಯೊಂದನ್ನು ಹೊಗಳಲು ವಿಮರ್ಶಕನೇ ಬೇಕಿಲ್ಲ. ‘ಕೈಗೆತ್ತಿಕೊಂಡ ಮೇಲೆ ಕೆಳಗಿಡಲು ಆಗಲೇ ಇಲ್ಲ’ ಎಂಬ ಒಂದು ವಾಕ್ಯ ಸಾಕು. ಬೆನ್ನುಪುಟದ ಮೇಲೆ ಈ ಮಾತಿಲ್ಲದ ಥ್ರಿಲ್ಲರ್ ಎಂದರೆ ಐಎಸ್‌ಐ ಗುರುತಿಲ್ಲದ ಕುಕ್ಕರ್. ಕೊಳ್ಳುವವರು ಒಮ್ಮೆ ತಿರುಗಿಸಿ ನೋಡಿ ಅಲ್ಲೇ ಇಟ್ಟು ಹೋಗುತ್ತಾರೆ. ಹಾಗೆ ನೋಡಿದರೆ ನಮ್ಮ ದೊಡ್ಡ ಕಾದಂಬರಿಗಳೆಲ್ಲ ಕೆಳಗಿಡಲೆಂದೇ ಬರೆದಂಥವು. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಎಷ್ಟು ಮಂದಿ ಎಷ್ಟು ಸಲ ಕೆಳಗಿಟ್ಟಿದ್ದಾರೋ ಲೆಕ್ಕವಿಟ್ಟವರಿಲ್ಲ. ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಬೇಕಿದ್ದರೆ ಮನೆಯಲ್ಲಿ ಒಂದು ಮದುವೆಯನ್ನೂ ಮುಗಿಸಿ ಬಂದು ಮತ್ತೆ ತೆರೆಯಿರಿ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಇನ್ನೂ ಕಾಡಿನ ದಾರಿಯಲ್ಲೇ ಇರುತ್ತಾನೆ. ನಿಮ್ಮ ಮೇಲೆ ಅವನಿಗೆ ಕೋಪವೂ ಇರುವುದಿಲ್ಲ. ಕುವೆಂಪು ಅವರ ಬೆನ್ನುಪುಟಕ್ಕೆ ಈ ಹೊಗಳಿಕೆ ಯಾರೂ ಬರೆಯಲಿಲ್ಲ ಎಂದ ಮೇಲೆ ಅವರು ಎಷ್ಟು ಹಿಂದುಳಿದ ಲೇಖಕರು ನೋಡಿ.

ಕೆಳಗಿಡಲಾಗದ ಪುಸ್ತಕಗಳ ರಾಜವಂಶದಲ್ಲಿ ಈಚೆಗೆ ಪಟ್ಟಕ್ಕೆ ಬಂದದ್ದು ‘ದಿ ಸೈಲೆಂಟ್ ಪೇಷಂಟ್’. 2019ರ ಫೆಬ್ರವರಿಯಲ್ಲಿ ಹೊರಬಂದ ಕೂಡಲೇ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲೇ ಹೋಗಿ ಕೂತಿತು. ಬರೆದವರು ಸೈಪ್ರಸ್‌ನಲ್ಲಿ ಹುಟ್ಟಿದ ಅಲೆಕ್ಸ್ ಮೈಕೆಲಿಡೀಸ್. ಇದು ಅವರ ಮೊದಲ ಕಾದಂಬರಿ. ಕೇಂಬ್ರಿಡ್ಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಅಮೆರಿಕದಲ್ಲಿ ಚಿತ್ರಕಥೆ ಬರೆಯುವುದನ್ನು ಕಲಿತು, ಸಿನಿಮಾಗಳಿಗೆ ಬರೆದು, ನಡುವೆ ಸೈಕೋಥೆರಪಿಯನ್ನೂ ಅಭ್ಯಾಸ ಮಾಡಿ, ಎಳೆಯ ವಯಸ್ಸಿನ ರೋಗಿಗಳ ಮನೋಚಿಕಿತ್ಸಾ ಕೇಂದ್ರವೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದವರು. ಅಂದರೆ ಸಾಹಿತ್ಯ, ಸಿನಿಮಾ, ಮನಸ್ಸು ಮೂರನ್ನೂ ಬಲ್ಲವರು. ಆ ಮೂರರಲ್ಲಿ ಕಾದಂಬರಿಯಲ್ಲಿ ಗೆದ್ದದ್ದು ಯಾವುದು ಎಂಬುದಕ್ಕೆ ಆಮೇಲೆ ಬರೋಣ.

ಮೊದಲು ಒಂದು ಎಚ್ಚರಿಕೆ. ಕೊಂದವರು ಯಾರು, ಕೊಲ್ಲಿಸಿದವರು ಯಾರು, ಏಕೆ, ಹೇಗೆ ಎಲ್ಲವನ್ನೂ ಇಲ್ಲಿ ಹೇಳಲಿದ್ದೇನೆ. ಥ್ರಿಲ್ಲರಿನ ಕೊನೆ ಹೇಳಿಬಿಡುವುದು ಇವತ್ತು ಕೊಲೆಗಿಂತ ದೊಡ್ಡ ಅಪರಾಧ. ಕೊಲೆಗಾದರೆ ಜಾಮೀನಾದರೂ ಸಿಗುತ್ತದೆ. ಆದರೆ ಗುಟ್ಟನ್ನು ಮುಟ್ಟದೆ ಈ ಪುಸ್ತಕದ ಗುಣದೋಷ ಹೇಳಲು ಹೊರಟರೆ ಕಾಗದ ಚೆನ್ನಾಗಿದೆ, ಅಕ್ಷರ ದೊಡ್ಡದಾಗಿದೆ ಎನ್ನುವಲ್ಲಿಗೆ ವಿಮರ್ಶೆ ಮುಗಿಯುತ್ತದೆ. ಇಂಥ ಪುಸ್ತಕಗಳ ಬಹುಪಾಲು ವಿಮರ್ಶೆಗಳು ಮುಗಿಯುವುದೂ ಅಲ್ಲಿಗೇ.

ಅಲಿಸಿಯಾ ಬೆರೆನ್ಸನ್ ಲಂಡನ್ನಿನ ಹೆಸರಾಂತ ಚಿತ್ರ ಕಲಾವಿದೆ. ಗಂಡ ಗೇಬ್ರಿಯಲ್ ಫ್ಯಾಷನ್ ಛಾಯಾಗ್ರಾಹಕ. ಹ್ಯಾಂಪ್‌ಸ್ಟೆಡ್ ಹೀತ್ ಪಕ್ಕದಲ್ಲಿ ಮನೆ, ಮದುವೆಯಾಗಿ ಏಳು ವರ್ಷ, ನೋಡಿದವರು ಹೊಟ್ಟೆಕಿಚ್ಚು ಪಡುವಂಥ ಸಂಸಾರ. ಒಂದು ರಾತ್ರಿ ತಡವಾಗಿ ಬಂದ ಗಂಡನ ಮುಖಕ್ಕೆ ಆಕೆ ಐದು ಗುಂಡು ಹೊಡೆಯುತ್ತಾಳೆ. ಆಮೇಲೆ ಒಂದಕ್ಷರ ಮಾತಿಲ್ಲ. ಪೊಲೀಸರ ಹತ್ತಿರ ಇಲ್ಲ, ವಕೀಲರ ಹತ್ತಿರ ಇಲ್ಲ, ಕೋರ್ಟಿನಲ್ಲೂ ಇಲ್ಲ. ಒಂದು ಸ್ವಂತ ಭಾವಚಿತ್ರ ಬರೆದು ಅದಕ್ಕೆ ‘ಆಲ್ಸೆಸ್ಟಿಸ್’ ಎಂದು ಹೆಸರಿಟ್ಟು ಸುಮ್ಮನಾಗುತ್ತಾಳೆ. ಅವಳನ್ನು ಉತ್ತರ ಲಂಡನ್ನಿನ ‘ದಿ ಗ್ರೋವ್’ ಎಂಬ ಬಂದೋಬಸ್ತಿನ ಮನೋಚಿಕಿತ್ಸಾ ಕೇಂದ್ರಕ್ಕೆ ಸೇರಿಸುತ್ತಾರೆ. ಆರು ವರ್ಷದ ಮೇಲೆ ಥಿಯೋ ಫೇಬರ್ ಎಂಬ ನಲವತ್ತೆರಡು ವರ್ಷದ ಥೆರಪಿಸ್ಟ್ ಇವಳನ್ನು ಮಾತಾಡಿಸಿಯೇ ತೀರುತ್ತೇನೆಂದು ಅಲ್ಲಿಗೆ ಕೆಲಸಕ್ಕೆ ಸೇರುತ್ತಾನೆ. ಕಥೆ ಹೇಳುವವನು ಅವನೇ.

ಇಷ್ಟು ಹೇಳಿದ ಮೇಲೆ ಕೈ ತಾನಾಗಿ ಪುಟ ತಿರುಗಿಸುತ್ತದೆ. ಇದನ್ನು ಒಪ್ಪದವನು ಸುಳ್ಳುಗಾರ. ಮಾತಾಡದ ಹೆಂಗಸು ಮತ್ತು ಮಾತು ನಿಲ್ಲಿಸದ ಗಂಡಸು, ಈ ಜೋಡಿಯನ್ನು ಎದುರುಬದುರು ಕೂರಿಸಿದ್ದೇ ದೊಡ್ಡ ಜಾಣತನ. ಅಧ್ಯಾಯಗಳು ಚಿಕ್ಕವು, ಕೆಲವು ಎರಡು-ಮೂರು ಪುಟಕ್ಕೇ ಮುಗಿಯುತ್ತವೆ. ಪ್ರತಿ ಅಧ್ಯಾಯದ ಕೊನೆಯಲ್ಲೂ ಬಾಗಿಲು ಬಡಿದ ಸದ್ದು, ತೆರೆಯದ ಒಂದು ಕಾಗದ, ಅರ್ಧಕ್ಕೆ ನಿಂತ ಮಾತು. ‘ಇದೊಂದು ಮುಗಿಸಿ ಮಲಗುತ್ತೇನೆ’ ಎಂದವರಿಗೆ ಬೆಳಗಿನ ಹಾಲಿನವನ ಗಂಟೆ ಕೇಳುತ್ತದೆ. ಅನುಮಾನ ಹಂಚುವುದರಲ್ಲಂತೂ ಲೇಖಕರದು ಧಾರಾಳ ಕೈ. ಅಲಿಸಿಯಾಳ ಮೇಲೆ ಕಣ್ಣಿಟ್ಟ ಮೈದುನ ಮ್ಯಾಕ್ಸ್, ಅವಳ ಚಿತ್ರಗಳನ್ನು ಮಾರುವ ಜಾನ್-ಫೆಲಿಕ್ಸ್, ಜೂಜಿನ ಸಾಲದಲ್ಲಿ ಮುಳುಗಿದ ಸೋದರಸಂಬಂಧಿ ಪಾಲ್, ವಿಷ ಕಾರುವ ಸೋದರತ್ತೆ ಲಿಡಿಯಾ, ಅಲಿಸಿಯಾಳಿಗೆ ಹಿಂದೆ ಗುಟ್ಟಾಗಿ ಚಿಕಿತ್ಸೆ ಕೊಟ್ಟು ಈಗ ಏನೂ ಗೊತ್ತಿಲ್ಲದವನಂತೆ ಅದೇ ಗ್ರೋವ್‌ನಲ್ಲಿ ಓಡಾಡುವ ಡಾಕ್ಟರ್ ಕ್ರಿಶ್ಚಿಯನ್. ಪಂಕ್ತಿಯಲ್ಲಿ ಕೂತ ಒಬ್ಬರಿಗೂ ಅನುಮಾನ ಬಡಿಸದೆ ಬಿಟ್ಟಿಲ್ಲ.

ಗ್ರೋವ್‌ನ ಒಳಾಂಗಣವೂ ಚೆನ್ನಾಗಿದೆ. ಬಜೆಟ್ ಸಾಲದೆ ಇಂದೋ ನಾಳೆಯೋ ಬೀಗ ಬೀಳಲಿರುವ ಸಂಸ್ಥೆ, ಅದರ ಚಿಂತೆಗಿಂತ ತನ್ನ ಸಂಗೀತ ವಾದ್ಯಗಳ ಚಿಂತೆ ಹೆಚ್ಚಿರುವ ಪ್ರೊಫೆಸರ್ ಡಯೊಮಿಡೀಸ್, ನಿಯಮದ ಪುಸ್ತಕ ಹಿಡಿದು ಓಡಾಡುವ ಮ್ಯಾನೇಜರ್. ಮಾತಿಲ್ಲದ ರೋಗಿಯ ಎದುರು ಮೊದಲ ಸಲ ಕೂತಾಗ ಥಿಯೋನ ತಲೆಯೊಳಕ್ಕೆ ಅವಳ ಸಂಕಟ ಹರಿದು ಬರುತ್ತದೆ, ತನ್ನದಲ್ಲದ ನೋವು ಹಣೆಯಲ್ಲಿ ಬಡಿಯತೊಡಗುತ್ತದೆ. ಚಿಕಿತ್ಸೆಯ ಕೋಣೆಯಲ್ಲಿ ಹೀಗಾಗುವುದುಂಟು ಎಂದು ಆ ವೃತ್ತಿಯವರು ಹೇಳುತ್ತಾರೆ. ಅಲ್ಲಿ ಕೂತು ಬಂದವನು ಮಾತ್ರ ಬರೆಯಬಲ್ಲ ಪುಟ ಅದು. ಇಂಥ ಪುಟಗಳು ಇನ್ನೂ ನಾಲ್ಕು ಇದ್ದಿದ್ದರೆ ನನಗೆ ಈ ಲೇಖನ ಬರೆಯುವ ಕೆಲಸ ತಪ್ಪುತ್ತಿತ್ತು.

ಆದರೆ ಥಿಯೋಗೆ ಕೂತುಕೊಳ್ಳಲು ಪುರಸತ್ತೆಲ್ಲಿ? ಅವನ ದಿನಚರಿ ನೋಡಿ. ನಮ್ಮದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸಿಗದ ದೇಶ. ನಿಮ್ಹಾನ್ಸ್ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ಚೀಟಿ ಹಿಡಿದು ಕೂತವರಿಗೆ ಈ ಥಿಯೋನ ಕೆಲಸದ ವಿವರ ಕೇಳಿದರೆ ಹೊಸದೊಂದು ಕಾಯಿಲೆ ಬಂದೀತು. ಅವನಿಗಿರುವುದು ಒಬ್ಬಳೇ ರೋಗಿ. ಅವಳೂ ಮಾತಾಡುವುದಿಲ್ಲ. ಉಳಿದ ಹೊತ್ತಿನಲ್ಲಿ ಆತ ಅವಳ ಮೈದುನನ ಆಫೀಸಿಗೆ ಹೋಗುತ್ತಾನೆ, ಕೇಂಬ್ರಿಡ್ಜ್‌ಗೆ ಹೋಗಿ ಅತ್ತೆಯ ಮನೆಯ ಬಾಗಿಲು ತಟ್ಟುತ್ತಾನೆ, ಪಕ್ಕದ ಮನೆಯಾಕೆಯ ಜೊತೆ ಕೂತು ಊರ ಸುದ್ದಿ ಕೇಳುತ್ತಾನೆ, ಗ್ಯಾಲರಿಗೆ ಹೋಗಿ ಚಿತ್ರ ನೋಡುತ್ತಾನೆ. ಹೀಗೆಲ್ಲ ಮಾಡಬೇಡ ಎಂದು ಮೇಲಿನವರು ಎಚ್ಚರಿಸುತ್ತಾರೆ. ಆತ ಆಯಿತೆಂದು ಹೇಳಿ ಮತ್ತೊಂದು ಮನೆಗೆ ಹೋಗುತ್ತಾನೆ. ಮನೆಗೆ ಬಂದರೆ ಹೆಂಡತಿಯ ಲ್ಯಾಪ್‌ಟಾಪ್ ತೆರೆದು ಅವಳ ಈಮೇಲ್ ಓದುತ್ತಾನೆ, ಗಾಂಜಾ ಸೇದುತ್ತಾನೆ, ಅವಳ ಹಿಂದೆ ಬೀದಿ ಬೀದಿ ಸುತ್ತುತ್ತಾನೆ. ಇಷ್ಟೆಲ್ಲ ಮಾಡುವವನನ್ನು ನಾವು ಮುನ್ನೂರು ಪುಟದ ತನಕ ‘ಪಾಪ, ಒಳ್ಳೆಯ ಡಾಕ್ಟರು’ ಎಂದುಕೊಂಡು ಓದುತ್ತೇವೆ. ಏಕೆಂದರೆ ಆತ ‘ನಾನು’ ಎಂದು ಹೇಳುತ್ತಾನೆ. ಕಥೆಯಲ್ಲಿ ‘ನಾನು’ ಎಂದವನಿಗೆ ಓದುಗ ಮೊದಲೇ ಗುಣನಡತೆ ಪತ್ರ ಬರೆದುಕೊಟ್ಟಿರುತ್ತಾನೆ.

ಇನ್ನೊಂದು ಕಡೆ ಅಲಿಸಿಯಾಳ ಡೈರಿ. ಇದೊಂದು ವಿಸ್ಮಯ. ಬಾಯಲ್ಲಿ ಒಂದು ಮಾತಾಡದ ಹೆಂಗಸು ಡೈರಿಯಲ್ಲಿ ಸಂಭಾಷಣೆ ಬರೆಯುತ್ತಾಳೆ, ಅದೂ ಉದ್ಧರಣ ಚಿಹ್ನೆ ಹಾಕಿ, ಯಾರು ಎಲ್ಲಿ ನಿಂತು ಯಾವ ಧ್ವನಿಯಲ್ಲಿ ಹೇಳಿದರೆಂದು ವಿವರಿಸಿ. ‘ಹಾಲಿನವನಿಗೆ ಬಾಕಿ’ ಎಂಬಂಥ ಸಾಲು ಒಂದೂ ಇಲ್ಲ. ಪ್ರತಿ ದಿನದ ಬರಹವೂ ಸಸ್ಪೆನ್ಸಿನಲ್ಲೇ ನಿಲ್ಲುತ್ತದೆ. ಮುಂದೊಂದು ದಿನ ಇದು ಪ್ರಕಟವಾಗುತ್ತದೆಂದು ಆಕೆಗೆ ಗೊತ್ತಿದ್ದಂತಿದೆ. ಎಲ್ಲಕ್ಕಿಂತ ದೊಡ್ಡದು ಕೊನೆಯ ಬರಹ. ಥಿಯೋ ಬಂದು ಅವಳಿಗೆ ಮಾರ್ಫಿನ್ ಚುಚ್ಚಿ ಹೋಗುತ್ತಾನೆ. ಮಂಪರು ಏರುತ್ತಿದೆ, ಕಣ್ಣು ಮುಚ್ಚುತ್ತಿದೆ. ಅಂಥ ಹೊತ್ತಿನಲ್ಲೂ ಈಕೆ ಪೆನ್ನು ಹುಡುಕಿ, ನಡೆದದ್ದನ್ನೆಲ್ಲ ಕ್ರಮವಾಗಿ ಬರೆದು, ಡೈರಿಯನ್ನು ಬಚ್ಚಿಟ್ಟು ಕೋಮಾಕ್ಕೆ ಹೋಗುತ್ತಾಳೆ. ದೀಪಾವಳಿ ವಿಶೇಷಾಂಕದ ಕಥೆಗೆ ಮೂರು ಸಲ ಗಡುವು ವಿಸ್ತರಿಸಿಕೊಳ್ಳುವ ನಮ್ಮ ಲೇಖಕರು ಇದನ್ನು ಓದಬೇಕು.

ಸರಿ, ಗುಟ್ಟಿಗೆ ಬರೋಣ. ಹೆಂಡತಿ ಕ್ಯಾಥಿಯ ಪ್ರಿಯಕರನನ್ನು ಥಿಯೋ ಹಿಂಬಾಲಿಸಿ ಹೋಗಿ ಒಂದು ಮನೆಯನ್ನು ಪತ್ತೆ ಮಾಡುತ್ತಾನೆ. ಅದು ಅಲಿಸಿಯಾಳ ಮನೆ. ಪ್ರಿಯಕರ ಗೇಬ್ರಿಯಲ್. ನಾವು ಇಲ್ಲಿಯವರೆಗೆ ಗ್ರೋವ್‌ನ ಕೆಲಸದ ಜೊತೆಜೊತೆಗೇ ನಡೆಯುತ್ತಿದೆ ಎಂದುಕೊಂಡಿದ್ದ ಥಿಯೋನ ಸಂಸಾರದ ಗೋಳು ಆರು ವರ್ಷ ಹಳೆಯದು! ಆ ರಾತ್ರಿ ಮನೆಗೆ ನುಗ್ಗಿ ಇಬ್ಬರನ್ನೂ ಕಟ್ಟಿಹಾಕಿದವನು ಇವನೇ. ‘ನೀನು ಸಾಯುತ್ತೀಯೋ, ನಿನ್ನ ಹೆಂಡತಿ ಸಾಯಲೋ’ ಎಂದು ಗೇಬ್ರಿಯಲ್‌ನನ್ನು ಕೇಳಿದವನೂ ಇವನೇ. ಗಂಡ ತನ್ನ ಜೀವ ಉಳಿಸಿಕೊಳ್ಳುವ ಮಾತಾಡುತ್ತಾನೆ. ಥಿಯೋ ಯಾರನ್ನೂ ಕೊಲ್ಲದೆ ಹೊರಟುಹೋಗುತ್ತಾನೆ. ಬಂದೂಕು ಎತ್ತಿಕೊಳ್ಳುವುದು ಆಮೇಲೆ ಅಲಿಸಿಯಾ.

ಈ ತಿರುವು ನಿಜಕ್ಕೂ ಸೊಗಸಾದದ್ದು. ಗುಟ್ಟು ಅಡಗಿರುವುದು ಪಾತ್ರದಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ. ಅಲಿಸಿಯಾಳ ಡೈರಿಗೆ ತಾರೀಕುಂಟು, ಥಿಯೋನ ಬದುಕಿಗೆ ತಾರೀಕಿಲ್ಲ. ಎರಡು ಅಧ್ಯಾಯ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ವಾರದಲ್ಲಿ ನಡೆದವೆಂದು ಓದುಗ ತಾನೇ ಅಂದುಕೊಳ್ಳುತ್ತಾನೆ; ಲೇಖಕರು ಎಲ್ಲೂ ಹಾಗೆಂದು ಹೇಳಿಲ್ಲ. ಚಿತ್ರಕಥೆ ಬರೆದ ಕೈ ಇದು. ಸಿನಿಮಾದಲ್ಲಿ ಒಂದು ದೃಶ್ಯ ಕತ್ತರಿಸಿ ಮತ್ತೊಂದನ್ನು ಅಂಟಿಸಿದರೆ ನಾವು ಕೇಳುತ್ತೇವೆಯೇ, ಇದು ಯಾವ ವರ್ಷ ಎಂದು? ಹೀಗೆ ಕಣ್ಣೆದುರೇ ಆರು ವರ್ಷ ಕದ್ದವರನ್ನು ಮೆಚ್ಚದೆ ಇರಲಾಗದು. ಎರಡನೇ ಸಲ ಓದಿದರೂ ಲೆಕ್ಕ ತಪ್ಪುವುದಿಲ್ಲ.

ಲೆಕ್ಕ ತಪ್ಪುವುದಿಲ್ಲ, ಮನುಷ್ಯರು ತಪ್ಪುತ್ತಾರೆ. ಈ ಥಿಯೋ ಯಾರಿಗೆ ಕಥೆ ಹೇಳುತ್ತಿದ್ದಾನೆ? ಕಾಗದ ಬರೆಯುತ್ತಿಲ್ಲ, ಪೊಲೀಸರಿಗೆ ಹೇಳಿಕೆ ಕೊಡುತ್ತಿಲ್ಲ, ಪುಸ್ತಕ ಬರೆಯುತ್ತಿಲ್ಲ. ತನ್ನ ತಲೆಯೊಳಗೇ ಮಾತಾಡುವವನು ತನಗೆ ಚೆನ್ನಾಗಿ ಗೊತ್ತಿರುವ ಸಂಗತಿಯನ್ನು ತನ್ನಿಂದಲೇ ಮುಚ್ಚಿಡುವುದೇಕೆ? ಕಥೆ ಹೇಳುವವನೇ ತಪ್ಪಿತಸ್ಥನೆಂಬ ಉಪಾಯ ಹೊಸದೇನಲ್ಲ. ಅಗಾಥಾ ಕ್ರಿಸ್ಟಿ 1926ರಲ್ಲೇ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯಲ್ಲಿ ಅದನ್ನು ಮಾಡಿ ಮುಗಿಸಿದ್ದಾರೆ. ಆದರೆ ಅಲ್ಲಿನ ಡಾಕ್ಟರ್ ಶೆಪರ್ಡ್‌ಗೆ ಮುಚ್ಚಿಡಲು ಕಾರಣವಿತ್ತು. ಪತ್ತೇದಾರ ಪ್ವಾರೋ ಸೋತ ಕಥೆಯೆಂದು ಪ್ರಕಟಿಸಲು ಆತ ಹಸ್ತಪ್ರತಿ ಬರೆಯುತ್ತಿದ್ದ. ಜಾಣನೊಬ್ಬ ಜಂಬದಿಂದ ಬರೆದದ್ದು. ಅಷ್ಟಾದರೂ ಆ ಕಾಲದ ಓದುಗರು ಮೋಸವೆಂದು ಗಲಾಟೆ ಎಬ್ಬಿಸಿದರು. ಪಾದ್ರಿಯೂ ಪತ್ತೇದಾರಿ ಲೇಖಕನೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದಾಗ, ಓದುಗ ಯಾರ ಯೋಚನೆಯೊಳಗೆ ಹೊಕ್ಕು ಬಂದಿದ್ದಾನೋ ಅವನು ಅಪರಾಧಿಯಾಗಿರಬಾರದು ಎಂಬುದನ್ನು ಮೊಟ್ಟಮೊದಲ ಕಟ್ಟಳೆಯಲ್ಲೇ ಸೇರಿಸಿದ. ಕಟ್ಟಳೆ ಮುರಿಯಲು ಲೇಖಕನಿಗೆ ಹಕ್ಕಿದೆ, ಮುರಿಯುವುದಕ್ಕೊಂದು ಕಾರಣ ಕೊಟ್ಟರೆ. ಥಿಯೋ ಮುಚ್ಚಿಡುವುದಕ್ಕೆ ಇರುವ ಕಾರಣ ಒಂದೇ: ಹೇಳಿದರೆ ಪುಸ್ತಕ ಮುಗಿದುಹೋಗುತ್ತದೆ.

ಅಲಿಸಿಯಾಳ ಮೌನಕ್ಕೂ ಅದೇ ಕಾರಣ. ಆಕೆ ನಲವತ್ತನೇ ಪುಟದಲ್ಲಿ ಬಾಯಿಬಿಟ್ಟಿದ್ದರೆ ನಲವತ್ತೇ ಪುಟ. ಪಾಪ, ಪ್ರಕಾಶಕರ ಹಿತ ಕಾಯಲು ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡಳು.

ಹಾಗಾದರೆ ಇದಕ್ಕೆ ‘ಸೈಕಲಾಜಿಕಲ್’ ಎಂಬ ಬಿರುದೇಕೆ? ಅದಕ್ಕೂ ಏರ್ಪಾಡಾಗಿದೆ. ಪ್ರತಿಯೊಬ್ಬರಿಗೂ ಬಾಲ್ಯದಲ್ಲಿ ಒಂದು ಗಾಯ ಹಂಚಲಾಗಿದೆ. ಥಿಯೋನ ಅಪ್ಪ ಕ್ರೂರಿ. ಅಲಿಸಿಯಾಳ ತಾಯಿ ಕಾರು ಅಪಘಾತದಲ್ಲಿ ಸತ್ತಾಗ ಅಪ್ಪ, ಇವಳ ಬದಲು ಮಗಳಾದರೂ ಸಾಯಬಾರದಿತ್ತೇ ಎಂದು ಗೋಳಾಡಿದ. ಮಗಳ ಕಿವಿಗೆ ಬಿತ್ತು. ಮುಂದೆ ಗಂಡನೂ ಅದನ್ನೇ ಬೇರೆ ಮಾತಲ್ಲಿ ಹೇಳಿದ. ಐದು ಗುಂಡು ಹಾರಿದವು. ಅಪ್ಪನ ಒಂದು ಮಾತು ಇಂಟು ಗಂಡನ ಒಂದು ಮಾತು ಈಕ್ವಲ್ ಟು ಒಂದು ಕೊಲೆ. ನಡುವೆ ಆಕೆ ಇಪ್ಪತ್ತು ವರ್ಷ ಏನು ಮಾಡಿದಳು, ಏಕೆ ಕುಂಚ ಹಿಡಿದಳು, ಯಾರನ್ನು ನೋಡಿ ನಕ್ಕಳು ಎಂಬುದಕ್ಕೆ ಮಗ್ಗಿಯಲ್ಲಿ ಸ್ಥಾನವಿಲ್ಲ. ಮನಸ್ಸನ್ನು ಹೀಗೆ ಒಂದೇ ಕೀಲಿಯಿಂದ ತೆರೆಯುವುದಾದರೆ ಥೆರಪಿಸ್ಟುಗಳು ಬೇಕಿಲ್ಲ, ಬೀಗ ರಿಪೇರಿಯವನೇ ಸಾಕು.

ಗ್ರೀಕ್ ನಾಟಕಕಾರ ಯೂರಿಪಿಡೀಸ್‌ನನ್ನು ಕರೆತಂದದ್ದು ಕೂಡ ಇದೇ ಕೀಲಿಯ ಕೆಲಸಕ್ಕೆ. ಕ್ರಿ.ಪೂ. 438ರಲ್ಲಿ ರಂಗಕ್ಕೆ ಬಂದ ‘ಆಲ್ಸೆಸ್ಟಿಸ್’ ನಾಟಕದಲ್ಲಿ ರಾಜ ಅಡ್ಮಿಟಸ್ ಸಾಯಬೇಕಾದಾಗ ಅವನ ಬದಲು ಹೆಂಡತಿ ಸಾಯುತ್ತಾಳೆ, ಹೆರಾಕ್ಲಿಸ್ ಅವಳನ್ನು ಸಾವಿನ ಕೈಯಿಂದ ಕಸಿದು ತರುತ್ತಾನೆ, ಮರಳಿದವಳು ಮಾತಾಡುವುದಿಲ್ಲ. ಆ ನಾಟಕದಲ್ಲಿ ಹೆಂಡತಿಯ ಹೆಣ ಮುಂದಿಟ್ಟುಕೊಂಡು ಮಗ ಮತ್ತು ಮುದಿ ಅಪ್ಪ ಜಗಳವಾಡುವ ದೃಶ್ಯವೊಂದಿದೆ. ‘ವಯಸ್ಸಾದ ನೀನಾದರೂ ನನ್ನ ಬದಲು ಸಾಯಬಾರದಿತ್ತೇ’ ಎಂದು ಮಗ ಕೂಗಾಡಿದರೆ, ‘ನಿನಗೆ ಜೀವದ ಮೇಲೆ ಆಸೆಯಿದ್ದಂತೆ ನನಗೂ ಇದೆ’ ಎಂದು ಅಪ್ಪ ತಿರುಗಿ ಬೀಳುತ್ತಾನೆ. ನಗಬೇಕೋ ಅಳಬೇಕೋ ತಿಳಿಯದ, ಮನುಷ್ಯನ ಸ್ವಾರ್ಥವನ್ನು ಬೆತ್ತಲೆ ನಿಲ್ಲಿಸುವ ಜಾಗ ಅದು. ಎರಡೂವರೆ ಸಾವಿರ ವರ್ಷದ ಹಿಂದೆ ಬಂದೂಕಿಲ್ಲದೆ, ಡೈರಿಯಿಲ್ಲದೆ, ಇಬ್ಬರನ್ನು ನಿಲ್ಲಿಸಿ ಮಾತಾಡಿಸಿ ಆ ಕವಿ ಮಾಡಿದ ಕೆಲಸ. ಕಾದಂಬರಿಗೆ ಅದರಿಂದ ಬೇಕಾದದ್ದು ಕಥೆಯ ಎಲುಬು ಮತ್ತು ಚಿತ್ರಕ್ಕೊಂದು ಶೀರ್ಷಿಕೆ. ಗ್ರೀಕ್ ಹೆಸರೊಂದು ಇದ್ದರೆ ಕೊಲೆಗೆ ಪದವಿ ಬಂದಂತಾಗುತ್ತದೆ. ಅದು ಚೆನ್ನಾಗಿ ಮಾರಾಟವಾಯಿತು ನೋಡಿ, 2021ರ ಮುಂದಿನ ಕಾದಂಬರಿ ‘ದಿ ಮೇಡನ್ಸ್’ನಲ್ಲೂ ಕೇಂಬ್ರಿಡ್ಜ್, ಗ್ರೀಕ್ ದುರಂತ ನಾಟಕ ಮತ್ತು ಮತ್ತೊಬ್ಬ ಥೆರಪಿಸ್ಟ್ ಹಾಜರಾದರು.

ಇದೊಬ್ಬರ ದೋಷವಲ್ಲ, ಪರಂಪರೆ. 2012ರಲ್ಲಿ ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ ಬಂತು. ಅದರಲ್ಲಿ ಸುಳ್ಳು ಡೈರಿ ಬರೆದವಳಿಗೆ ಸುಳ್ಳು ಬರೆಯಲು ಗಟ್ಟಿ ಕಾರಣವಿತ್ತು. ಆಕೆಗೊಂದು ಮನಸ್ಸೂ ಇತ್ತು, ಅದು ವಿಷದ ಮನಸ್ಸಾದರೂ. ಪ್ರಕಾಶಕರು ಮನಸ್ಸನ್ನು ಬಿಟ್ಟು ಡೈರಿಯನ್ನು ಹಿಡಿದುಕೊಂಡರು. 2015ರ ಕಾದಂಬರಿಯೊಂದರಲ್ಲಿ ರೈಲಿನ ಹುಡುಗಿ ಬಂದಳು; ಅವಳಿಗೆ ಕುಡಿತ, ಕುಡಿತದಿಂದ ಮರೆವು. 2018ರ ಇನ್ನೊಂದರಲ್ಲಿ ಕಿಟಕಿಯ ಹೆಂಗಸು ಬಂದಳು; ಅವಳು ಸ್ವತಃ ಮನಶ್ಶಾಸ್ತ್ರಜ್ಞೆ, ಆದರೂ ಮಾತ್ರೆಯ ಜೊತೆ ವೈನ್ ಕುಡಿಯುತ್ತಾಳೆ. ಎಲ್ಲರೂ ಏನನ್ನೋ ನೋಡುತ್ತಾರೆ, ಯಾರೂ ನಂಬುವುದಿಲ್ಲ. ಕುಡಿತ, ಮರೆವು, ಖಿನ್ನತೆ ಇವೆಲ್ಲ ಮನುಷ್ಯರನ್ನು ನಿಜವಾಗಿ ಹಿಂಡುವ ಕಾಯಿಲೆಗಳು; ಇಲ್ಲಿ ಅವುಗಳಿಗೆ ಪರದೆ ಎಳೆಯುವವನ ಕೆಲಸ. ತಿರುವು ಬರುವ ತನಕ ಎಳೆದು ಹಿಡಿದಿರಬೇಕು, ಬಂದ ಕೂಡಲೇ ಬಿಡಬೇಕು.

ಬಾಡಿಗೆ ಪುಸ್ತಕದಂಗಡಿಗಳ ಕಾಲದಲ್ಲಿ ನಮ್ಮಲ್ಲೂ ಓಡುವ ಕಾದಂಬರಿಗಳಿದ್ದವು. ಎನ್. ನರಸಿಂಹಯ್ಯನವರು ನೂರಾರು ಬರೆದರು; ಜನ ಮುಗಿಬಿದ್ದು ಓದಿದರು. ಆ ಕಾದಂಬರಿಗಳಲ್ಲಿ ಕೊನೆಯ ಪುಟ ಹರಿದಿರುತ್ತಿತ್ತು, ಇಲ್ಲವೇ ಹಿಂದೆ ಓದಿದ ಪುಣ್ಯಾತ್ಮನೊಬ್ಬ ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ಕೊಲೆಗಾರನ ಹೆಸರು ಬರೆದಿಟ್ಟಿರುತ್ತಿದ್ದ. ಆದರೆ ನರಸಿಂಹಯ್ಯನವರು ಅವನ್ನು ಪತ್ತೇದಾರಿ ಎಂದು ಕರೆದು ಸುಮ್ಮನಾದರು. ಕಳ್ಳನ ಬಾಲ್ಯ ವಿಚಾರಿಸಿ ಓದುಗನಿಂದ ಹೆಚ್ಚಿನ ಬೆಲೆ ವಸೂಲು ಮಾಡಲಿಲ್ಲ.

ಈ ಪುಸ್ತಕದ ಮೇಲೆ ನನಗಿರುವ ನಿಜವಾದ ತಕರಾರು ತಿರುವಿನದಲ್ಲ. ತಿರುವಿಗೆ ಓಡುವ ಭರದಲ್ಲಿ ಅದು ತನ್ನದೇ ಒಳ್ಳೆಯ ಕಥೆಯನ್ನು ತುಳಿದುಕೊಂಡು ಹೋಗುತ್ತದೆ. ಕೊಲೆಗೆ ಮೊದಲು, ಡೈರಿಯಲ್ಲಿ, ಅಲಿಸಿಯಾ ಮನೆಯ ಹೊರಗೆ ಒಬ್ಬ ಅಪರಿಚಿತ ನಿಂತು ನೋಡುವುದನ್ನು ಕಾಣುತ್ತಾಳೆ. ಒಮ್ಮೆ ಅಲ್ಲ, ಮತ್ತೆ ಮತ್ತೆ. ಆಕೆ ಬಾಯಿಮುಚ್ಚಿ ಕೂರುವುದಿಲ್ಲ. ಗಂಡನಿಗೆ ಹೇಳುತ್ತಾಳೆ, ಪಕ್ಕದ ಮನೆಯಾಕೆಗೆ ಹೇಳುತ್ತಾಳೆ, ಡಾಕ್ಟರಿಗೆ ಹೇಳುತ್ತಾಳೆ. ಅಪ್ಪ ಆತ್ಮಹತ್ಯೆ ಮಾಡಿಕೊಂಡಾಗ ಈಕೆಯ ಮನಸ್ಸು ಒಮ್ಮೆ ಕುಸಿದಿತ್ತಲ್ಲ, ಅದು ಎಲ್ಲರಿಗೂ ನೆನಪಿದೆ. ಆದ್ದರಿಂದ ಹೊರಗೆ ಯಾರಿದ್ದಾರೆಂದು ನೋಡಲು ಹೋಗದೆ ಅವಳ ತಲೆಯೊಳಗೆ ಏನಿದೆ ಎಂದು ನೋಡತೊಡಗುತ್ತಾರೆ. ಮಾತ್ರೆ ಕೊಡುತ್ತಾರೆ. ಹೊರಗೆ ನಿಂತಿದ್ದವನು ನಿಜವಾಗಿಯೂ ನಿಂತಿದ್ದ. ಆರು ವರ್ಷದ ಮೇಲೆ ಅವಳ ಎದುರಿನ ಕುರ್ಚಿಯಲ್ಲಿ ಬಂದು ಕೂತು ‘ನನ್ನನ್ನು ನಂಬಿ, ಮಾತಾಡಿ’ ಎನ್ನುತ್ತಾನೆ.

ಇದಕ್ಕಿಂತ ಭಯಂಕರವಾದದ್ದು ಇಡೀ ಕಾದಂಬರಿಯಲ್ಲಿ ಇಲ್ಲ. ಹೇಳಿದಾಗ ಒಬ್ಬರೂ ನಂಬಲಿಲ್ಲ ಎಂದ ಮೇಲೆ ಇನ್ನು ಹೇಳುವುದೇಕೆ? ಆ ಮೌನಕ್ಕೆ ಗ್ರೀಕ್ ನಾಟಕ ಬೇಕಿರಲಿಲ್ಲ, ಅಪ್ಪನ ಮಾತಿನ ಮಗ್ಗಿಯೂ ಬೇಕಿರಲಿಲ್ಲ. ಆಮೇಲೆ ಆಕೆ ಬಾಯಿಬಿಟ್ಟಾಗ ಥಿಯೋನ ಎದುರು ಬೇಕೆಂದೇ ಸುಳ್ಳು ಕಥೆ ಹೇಳಿ ಅವನನ್ನು ಪರೀಕ್ಷಿಸುತ್ತಾಳೆ. ಆರು ವರ್ಷದಲ್ಲಿ ಆಕೆ ಸ್ವಂತ ಬುದ್ಧಿಯಿಂದ ಮಾಡಿದ ಒಂದೇ ಕೆಲಸ ಅದು, ಎಂಥ ಎದೆಗಾರಿಕೆಯ ಕೆಲಸ! ಲೇಖಕರು ಅಲ್ಲಿ ಹತ್ತು ಪುಟ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ವಾಚು ನೋಡಿದರು, ಸಿರಿಂಜು ತೆಗೆದರು. ನಂಬದ ಗಂಡ, ನಂಬದ ಡಾಕ್ಟರು ಎಲ್ಲರೂ ಸುಳಿವುಗಳಾಗಿ ಉಪಯೋಗಕ್ಕೆ ಬಂದು, ಸುಳಿವು ಮುಗಿದ ಮೇಲೆ ಮನೆಗೆ ಹೋದರು. ಓದುಗನೂ ಮುಂದೆ ಓಡಿದ. ನಿಲ್ಲಲು ಬಿಡದೆ ಓಡಿಸುವುದೇ ಈ ಪುಸ್ತಕದ ಶಕ್ತಿ; ನಿಲ್ಲಬೇಕಾದ ಜಾಗ ಇದ್ದದ್ದು ಒಂದೇ, ಅಲ್ಲೂ ಓಡಿಸಿತು.

ಆ ಜಾಗದಲ್ಲಿ ನಿಂತವರು ನಮ್ಮಲ್ಲೊಬ್ಬರಿದ್ದರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, 1963ರಲ್ಲಿ ಮೂವತ್ತನಾಲ್ಕನೇ ವಯಸ್ಸಿಗೇ ತೀರಿಕೊಂಡ ತ್ರಿವೇಣಿ. ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಕಥೆ ಶುರುವಾಗುವುದೇ ಆಮೇಲೆ. ಈಕೆ ಅಲಿಸಿಯಾಳಂತೆ ಮೌನಿಯಲ್ಲ, ಮಾತಾಡುತ್ತಾಳೆ. ನಕ್ಕರೆ ಹುಚ್ಚು ಇನ್ನೂ ಬಿಟ್ಟಿಲ್ಲ ಎನ್ನುತ್ತಾರೆ, ಸಿಟ್ಟಾದರೆ ಮತ್ತೆ ಮರುಕಳಿಸಿತು ಎನ್ನುತ್ತಾರೆ. ಗಂಡನ ಬೇರೆ ಸಂಬಂಧ ಇವಳಿಗೆ ಗೊತ್ತಾಗುತ್ತದೆ. ಗೊತ್ತಾಗಿ ಕೆರಳಿದ್ದೂ ಕಾಯಿಲೆಯ ಲೆಕ್ಕಕ್ಕೇ ಹೋಗುತ್ತದೆ. ಗಂಡನ ಸಂಬಂಧ, ನಂಬದ ಮನೆಯವರು, ಕುಸಿದ ಹಿಂದಿನ ದಿನಗಳು: ಸಾಮಗ್ರಿ ಹೆಚ್ಚುಕಡಿಮೆ ಅದೇ. ತ್ರಿವೇಣಿ ಬಂದೂಕು ಕೊಡಲಿಲ್ಲ, ತಾರೀಕು ಬಚ್ಚಿಡಲಿಲ್ಲ. ಮುಂದೇನಾಗುತ್ತದೆಂದು ಓದುಗನಿಗೆ ಮೊದಲೇ ಗೊತ್ತಾಗುತ್ತ ಹೋಗುತ್ತದೆ, ಗೊತ್ತಾಗುತ್ತ ಹೋದಷ್ಟೂ ಹೊಟ್ಟೆಯಲ್ಲಿ ಸಂಕಟ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕೊನೆ ಗೊತ್ತಿದ್ದ ಜನವೂ ಕಲ್ಪನಾ ಅವರ ಕಾವೇರಿಯನ್ನು ಮತ್ತೆ ಮತ್ತೆ ನೋಡಿದರು. ‘ಸ್ಪಾಯ್ಲರ್’ ಎಂಬ ಅಪರಾಧ ಆಗಿನ್ನೂ ಜಾರಿಗೆ ಬಂದಿರಲಿಲ್ಲ.

ಇಂದಿನ ಓದುಗನನ್ನೂ ಸುಮ್ಮನೆ ಬಿಡಬಾರದು. ಮುಖಪುಟದಲ್ಲೇ ‘ಊಹಿಸಲಾಗದ ತಿರುವು’ ಎಂದು ಅಚ್ಚು ಹಾಕಿಸಿದ ಮೇಲೆ ಅವನು ಓದುವುದಿಲ್ಲ, ಬಾಜಿ ಕಟ್ಟುತ್ತಾನೆ. ಮೊದಲ ಪುಟದಿಂದ ಎಲ್ಲರನ್ನೂ ಅನುಮಾನಿಸುತ್ತಾನೆ. ನರ್ಸ್ ಕಾಫಿ ತಂದುಕೊಟ್ಟರೆ ಸಕ್ಕರೆ ಎಷ್ಟೆಂದು ಲೆಕ್ಕ ಹಾಕುತ್ತಾನೆ. ಮುಗಿಸಿದ ಮೇಲೆ ಅವರಲ್ಲಿ ಎರಡೇ ಪಂಗಡ: ‘ನನಗೆ ಗೊತ್ತೇ ಆಗಲಿಲ್ಲ’ ಎಂದು ಹಿಗ್ಗುವವರು, ‘ನನಗೆ ಐವತ್ತನೇ ಪುಟದಲ್ಲೇ ಗೊತ್ತಾಯಿತು’ ಎಂದು ಬೀಗುವವರು. ಆ ಅಲಿಸಿಯಾ ಆಮೇಲೆ ಏನಾದಳು ಎಂದು ಕೇಳಿ. ಇಬ್ಬರೂ ಒಂದು ಕ್ಷಣ ತಡವರಿಸುತ್ತಾರೆ. ಕೋಮಾದಲ್ಲಿದ್ದಾಳೆ, ಸ್ವಾಮಿ. ನಾಲ್ಕೂರು ದಾಟಿ ನೀವು ಓಡಿದ ಓಟದಲ್ಲಿ ಆಕೆ ಎಲ್ಲಿ ಬಿದ್ದಳೆಂದು ನೋಡಲು ನಿಮಗೂ ಪುರಸತ್ತು ಸಿಗಲಿಲ್ಲ.

ಇಷ್ಟೆಲ್ಲ ಬೈದ ಮೇಲೂ ಪುಸ್ತಕ ಓದಬೇಡಿ ಎಂದು ಹೇಳಲಾರೆ. ರೈಲಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ, ಎದುರಿನ ಸೀಟಿನವರ ರಾಜಕೀಯ ಕೇಳುವುದು ತಪ್ಪುತ್ತದೆ, ಆರು ವರ್ಷ ಕದ್ದ ಕೈಚಳಕ ಕೊಟ್ಟ ದುಡ್ಡಿಗೆ ಮೋಸವಲ್ಲ. ಒಂದೇ ಕೋರಿಕೆ. ಮನೆಯ ಹೊರಗೆ ಯಾರೋ ನಿಂತಿದ್ದಾರೆಂದು ಅಲಿಸಿಯಾ ಗಂಡನಿಗೆ ಹೇಳುವ ಡೈರಿಯ ಪುಟಗಳು ಬಂದಾಗ ಪುಸ್ತಕವನ್ನು ಕೆಳಗಿಡಿ. ಆಮೇಲೆ ಊರು ತಲುಪಿದ ಮೇಲೆ ‘ಶರಪಂಜರ’ ತಂದುಕೊಂಡು ಓದಿ; ಬೆಲೆಯೂ ಕಡಿಮೆ, ಕೊನೆಯನ್ನು ಯಾರು ಮೊದಲೇ ಹೇಳಿದರೂ ನಷ್ಟವಿಲ್ಲ.